ಸುಣ್ಣ ಚೆಲ್ಲುವ ಹೊತ್ತಿನ ಕೆಂಪು ದೀಪ

ಮೊದಲ ದಿನ ಕುದೇರಿನ ಅಕ್ಕ ನನ್ನನ್ನು ರೇಷ್ಮೆ ಹುಳು ಮನೆಯ ಬಾಗಿಲಿನಿಂದಲೇ ವಾಪಸ್ ಕಳಿಸಿದರು. ನಾನು ಕೊಟ್ಟ ಪಟ್ಟಿಯನ್ನು ಕೈಗೆ ತೆಗೆದುಕೊಂಡವರು ಅದನ್ನು ನೋಡಲೇ ಇಲ್ಲ, ಮೂಸಿದರು. ಆಮೇಲೆ ನನ್ನ ಹತ್ತಿರ ಬಂದು ನನ್ನನ್ನೂ ಮೂಸಿದರು.

"ಇದು ಪೇಂಟ್ ವಾಸ್ನ ಒಡಿತದ. ನೀನು ನೋಡುದ್ರ ಸೆಂಟ್ ಆಕ್ಕಂಡ್ ಬಂದಿದ್ದೀಯ. ಉಳುಗಳ್ಗ ಇದ್ಯಾವ್ದೂ ಆಗಲ್ಲ ಕಣಮ್ಮಿ. ಎರಡ್ನೂ..." ಅಷ್ಟರಲ್ಲಿ ಕೆಮ್ಮು ಬಂತು. ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ನಿಂತರು. ನಾನು ನೀರು ಎಲ್ಲಿದೆ ಎಂದು ಹುಡುಕುತ್ತಿರುವಾಗಲೇ ಕೆಮ್ಮು ನಿಂತು, ಬಿಟ್ಟಲ್ಲಿಂದ ಮಾತು ಮುಂದುವರಿಸಿದರು. "...ತೊಳ್ಕಂಡ್ ಬಾ."

ನನಗೆ ಮೂಗಿನ ತುದಿಯಲ್ಲೇ ಕೋಪ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಒಂದು ಬಸ್ಸು, ಅಲ್ಲಿಂದ ಕುದೇರಿಗೆ ಇನ್ನೊಂದು. ಅಷ್ಟು ದೂರ ಬಂದವಳಿಗೆ ಒಂದು ಲೋಟ ನೀರು ಬೇಕೇ ಎಂದೂ ಕೇಳದೆ ಮೈ ವಾಸನೆ ಹೇಳಿ ಕಳಿಸುತ್ತಾರಲ್ಲ ಎಂದು ಬಸ್ ಸ್ಟಾಪಿನವರೆಗೂ ಗೊಣಗಿಕೊಂಡೇ ಹೋದೆ. ಅವತ್ತು ಹಾಕಿದ್ದು ಹಬ್ಬಕ್ಕೆಂದು ಅಬ್ಬಾ ತಂದುಕೊಟ್ಟಿದ್ದ ಅತ್ತರು. ಅದಕ್ಕೂ ಹೊಟ್ಟೆ ಉರಿಯಿತು.

ಪಟ್ಟಿ ಎಂದರೆ ಏನು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಗಾಯಕ್ಕೆ ಹಾಕುವ ಪ್ಲಾಸ್ಟರಿನಷ್ಟು ಅಗಲದ, ಎಳೆದರೆ ಹಿಗ್ಗುವ ತೆಳು ರಬ್ಬರ್ ಹಾಳೆ. ಅದರ ಮೇಲೆ ಕಡುಹಸಿರು ಬಣ್ಣದ ಒಂದು ಪಾಲಿಮರಿನ ಲೇಪ. ಗಾಳಿಯಲ್ಲಿ ಅಮೋನಿಯ ಇದ್ದರೆ ಈ ಲೇಪದಲ್ಲಿ ವಿದ್ಯುತ್ ಹರಿಯುವುದು ಕಷ್ಟವಾಗುತ್ತದೆ. ಎರಡು ಬದಿಯಲ್ಲಿ ಬೆಳ್ಳಿ ಪೇಸ್ಟಿನಿಂದ ಎಳೆದ ಗೆರೆಗಳು, ತುದಿಯಲ್ಲಿ ವಾಚಿನ ಸೆಲ್ಲು ಕೂರಿಸಿದ ಗುಂಡಿಯಂಥ ಒಂದು ಬಿಲ್ಲೆ. ಗಾಳಿ ಚೆನ್ನಾಗಿದ್ದರೆ ಬಿಲ್ಲೆಯಲ್ಲಿ ಹಸಿರು ದೀಪ, ಕೆಟ್ಟರೆ ಕೆಂಪು. ಚರ್ಮಕ್ಕೆ ಅಂಟಿಸಿಕೊಂಡರೆ ಕೈಕಾಲು ಆಡಿಸಿದಂತೆ ಅದೂ ಹಿಗ್ಗಿ ಕುಗ್ಗಬೇಕು. ಚಾಮರಾಜನಗರದ ಕಾಲೇಜೊಂದರ ಲ್ಯಾಬಿನಲ್ಲಿ ನಮ್ಮ ಮೇಡಂ ಕೈಕೆಳಗೆ ಇದನ್ನು ಮಾಡುವುದು, ನಡುನಡುವೆ ಹುಡುಗರಿಗೆ ಪ್ರಯೋಗ ತೋರಿಸುವುದು ನನ್ನ ಕೆಲಸ. ಗಾಜಿನ ಜಾಡಿಯೊಳಗೆ ಅದು ಚೆನ್ನಾಗಿ ಓದುತ್ತಿತ್ತು. ಮನುಷ್ಯರ ಮೈಮೇಲೆ, ಕೆಲಸದ ಜಾಗದಲ್ಲಿ ಓದುತ್ತದೆಯೇ ಎಂದು ನೋಡಬೇಕಿತ್ತು. ಹುಳು ಮನೆಯಲ್ಲಿ ಹಿಕ್ಕೆ ಮತ್ತು ಉಳಿದ ಸೊಪ್ಪು ಕೊಳೆತು ಅಮೋನಿಯ ಬರುತ್ತದೆ ಎನ್ನುವುದು ಗೊತ್ತಿದ್ದದ್ದೇ. ಹಾಗಾಗಿ ಕುದೇರಿಗೆ ಹೋದದ್ದು.

ಅಕ್ಕ ಇಪ್ಪತ್ತು ವರ್ಷದಿಂದ ಹುಳು ಸಾಕುತ್ತ ಬಂದವರು. ಹಿಪ್ಪುನೇರಳೆ ಸೊಪ್ಪಿನ ತೋಟ ಅವರ ಯಜಮಾನರದ್ದಾದರೂ ಹುಳು ಮನೆ ಪೂರ್ತಿ ಅಕ್ಕನದು. ಕಳೆದ ಎರಡು ವರ್ಷದಿಂದ ಕೆಮ್ಮು, ಉಬ್ಬಸ. ಡಾಕ್ಟರು ಹುಳು ಮನೆಗೆ ಹೋಗುವುದನ್ನೇ ಬಿಡಿ ಎಂದಿದ್ದರು. ಯಜಮಾನರಿಗೂ ಅದೇ ಸರಿ ಅನ್ನಿಸಿತ್ತು. ಎರಡನೇ ಸಲ ನಾನು ಹೋದಾಗ ಅಂಗಳದಲ್ಲಿ ಕೂತು ನನಗೇ ಹೇಳಿದರು, "ಇಂಗ ಕೆಮ್ಕಂಡು ಉಳ ಸಾಕದೇನು ಬ್ಯಾಡ ಕಣವ್ವ. ಇದೊಂದ್ ಬೆಳೆ ಆಗೋಗ್ಲಿ. ಸೊಪ್ಪಿನ್ ಗಿಡ ಕಿತ್ಬುಟ್ಟು ಬಾಳೆ ಆಕ್ಬುಡ್ತೀನಿ."

ಅಕ್ಕ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು. ಯಜಮಾನರು ಎದ್ದು ಹೋದ ಮೇಲೆ ಹೊರಗೆ ಬಂದು, "ನಿನ್ ಪಟ್ಟಿ ಯಾವ್ ಗಾಳಿ ಕೆಟ್ಟದ್ದು ಅಂತ ತೋರಿಸ್ತದ ಅಲ್ವ? ಯಾವತ್ತು, ಯಾವೊತ್ನಲ್ಲಿ ಅಂತ ತೋರಿಸ್ಬುಡು. ಅಷ್ಟೊತ್ತು ನಾನು ಈಚ್ಗಿರ್ತೀನಿ. ಮಿಕ್ಕುದ್ ಟೈಮ್ನಲ್ಲಿ ಸಾಕ್ತೀನಿ," ಎಂದರು. ಆ ಮಾತಿನ ಮಧ್ಯೆ ಎರಡು ಸಲ ಕೆಮ್ಮಿದರು. ನನ್ನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ 'ಬಳಕೆದಾರರ ಅಗತ್ಯ' ಎಂದು ಒಂದು ಪುಟ ಬರೆದಿದ್ದೆ. ಅದಕ್ಕಿಂತ ಈ ನಾಲ್ಕು ಮಾತು ಸ್ಪಷ್ಟವಾಗಿತ್ತು.

ವಾಸನೆ ತೆಗೆಯುವುದಕ್ಕೇ ಒಂದು ವಾರ ಹಿಡಿಯಿತು. ರಬ್ಬರ್ ಹಾಳೆಯನ್ನು ಲೇಪ ಹಾಕುವ ಮೊದಲು ಎರಡು ದಿನ ಓವನ್ನಿನಲ್ಲಿ ಬಿಸಿಗಿಟ್ಟೆ. ಅಂಟು ಬದಲಾಯಿಸಿದೆ. ಮನೆಗೆ ತಂದು ಅಬ್ಬಾನ ಮೂಗಿಗೂ ಹಿಡಿದೆ. ಅವರು ಟೈಲರ್, ಹೊಸ ಬಟ್ಟೆಯ ಗಂಜಿ ವಾಸನೆಯಲ್ಲೇ ಬೆಳೆದವರು, ಅವರಿಗೇನೂ ಗೊತ್ತಾಗಲಿಲ್ಲ. ಅಕ್ಕ ಮಾತ್ರ ಮೂಸಿ, "ವಸಿ ಅದ, ಓಗ್ಲಿ ಬುಡು," ಎಂದು ಒಳಗೆ ಬಿಟ್ಟರು. ಅಷ್ಟರಲ್ಲಿ ಚಾಕಿ ಕೇಂದ್ರದಿಂದ ಎಳೆ ಹುಳು ಬಂದು ಬೆಳೆ ಶುರುವಾಗಿತ್ತು.

ಮಣಿಕಟ್ಟಿಗೆ ಅಂಟಿಸಿದ ಮೊದಲ ಪಟ್ಟಿ ಮಧ್ಯಾಹ್ನದೊಳಗೆ ಸತ್ತಿತು. ಗಾಜಿನ ಬಳೆಗಳು ಸೊಪ್ಪು ಹಾಕಿದಾಗಲೆಲ್ಲ ಅದನ್ನು ಉಜ್ಜಿ ಎಳೆದು ಬೆಳ್ಳಿಯ ಗೆರೆ ತುಂಡಾಗಿತ್ತು. ಬಳೆ ತೆಗೆಯಿರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಕೇಳಬಾರದೂ ಕೂಡ. ರಾತ್ರಿ ಊಟದ ಹೊತ್ತಿಗೆ ನನ್ನ ಮುಖ ನೋಡಿ ಅಬ್ಬಾ ಏನಾಯಿತೆಂದು ಕೇಳಿದರು. ಹೇಳಿದೆ. ನಮ್ಮ ಮನೆಮಾತು ಉರ್ದು. ಅವರು ಹೇಳಿದ್ದರ ಕನ್ನಡ ಇಷ್ಟು: "ಇಲಾಸ್ಟಿಕ್ ಮೇಲೆ ಯಾರಾದರೂ ನೇರ ಹೊಲಿಗೆ ಹಾಕುತ್ತಾರಾ? ಬಟ್ಟೆ ಹಿಗ್ಗುತ್ತೆ, ದಾರ ಹಿಗ್ಗಲ್ಲ, ಪಟ್ ಅಂತ ಹೋಗುತ್ತೆ. ಹಾವಿನ ಹಾಗೆ ಹೊಲಿ." ಗೆರೆಯನ್ನು ಅಂಕುಡೊಂಕಾಗಿ ಎಳೆಯಬೇಕೆಂಬುದು ನಮ್ಮ ಪುಸ್ತಕಗಳಲ್ಲೂ ಇತ್ತು. ಕೈಯಲ್ಲಿ ಎಳೆಯುವುದು ಕಷ್ಟವೆಂದು ನಾನೇ ನೇರ ಮಾಡಿಕೊಂಡಿದ್ದೆ. ಅಬ್ಬಾನಿಗೆ ಅದನ್ನು ಹೇಳಲಿಲ್ಲ. ಮರುದಿನ ಹಾವಿನ ಹಾಗೆ ಎಳೆದೆ, ಪಟ್ಟಿಯನ್ನು ಬಳೆಗಳಿಗಿಂತ ಮೇಲೆ ಮುಂಗೈಗೆ ಅಂಟಿಸಿದೆ.

ಅದು ಗಟ್ಟಿಯಾಗಿ ನಿಂತಿತು, ಆದರೆ ಮಧ್ಯಾಹ್ನ ಕೆಂಪಾದ ದೀಪ ಸಂಜೆಯಾದರೂ ಕೆಂಪೇ. ಅಕ್ಕ ಹೊರಗೆ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಪಟ್ಟಿ ನೋಡೋಣವೆಂದು ಕೈ ಹಿಡಿದರೆ ಅದರ ಮೇಲೆ ಹುಣಸೆ ಬೀಜದಷ್ಟು ಸುಣ್ಣ. ಎರಡನೇ ಎಲೆಗೆ ಬೇಕಾಗುತ್ತದೆಂದು ಚೂರು ಸುಣ್ಣವನ್ನು ಮುಂಗೈ ಮೇಲೆ ಇಟ್ಟುಕೊಳ್ಳುವುದು ಅವರ ಅಭ್ಯಾಸ.

"ಅಕ್ಕ, ಇದರ ಮೇಲೆ ಯಾಕೆ ಇಟ್ಟಿರಿ?"

"ನುಣ್ಣಗದ ಕಣಮ್ಮಿ. ಮೈಗಾದ್ರ ಅಂಟ್ಕತದ. ಇದ್ರಲ್ಲಿ ಬೆರಳಿಟ್ರ ಸಲೀಸಾಗಿ ಬತ್ತದ."

ತಿಂಗಳುಗಟ್ಟಲೆ ಒದ್ದಾಡಿ ಮಾಡಿದ ವಸ್ತು ಸುಣ್ಣದ ಡಬ್ಬಿಯಾಗಿತ್ತು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಮ್ಮ ಲೇಪಕ್ಕೆ ಅಮೋನಿಯ ಆಗದಿರುವುದು ಅದು ಕ್ಷಾರವಾದ್ದರಿಂದ. ಸುಣ್ಣವೂ ಕ್ಷಾರವೇ. ಸುಣ್ಣ ತಾಗಿದರೆ ಲೇಪ ಕೆಡುತ್ತದೆ, ದೀಪ ಕೆಂಪಾಗುತ್ತದೆ, ಮತ್ತೆ ಹಸಿರಾಗುವುದಿಲ್ಲ. ನೋಟ್ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಸುಣ್ಣ ತಾಗಿದರೆ ಸುಳ್ಳು ಕೆಂಪು. ಪಟ್ಟಿಯ ಜಾಗ ಕೊರಳ ಮೂಳೆಯ ಕೆಳಕ್ಕೆ ಬದಲಾಯಿತು. ಉಸಿರಾಡುವ ಗಾಳಿಗೆ ಅದೇ ಹತ್ತಿರ ಎಂದು ಮೇಡಂ ಕೂಡ ಒಪ್ಪಿದರು.

ನಾನು ಬರೆದುಕೊಂಡ ಆ ಸಾಲೇ ಮುಂದೆ ನನ್ನ ಕಣ್ಣಿಗೆ ಪಟ್ಟಿ ಕಟ್ಟಿತು.

ರೇಷ್ಮೆ ಹುಳು ಬೆಳೆಯುತ್ತ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿ ಸುಮ್ಮನೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಆಗ ಹುಳುವಿನ ಕೆಳಗಿನ ಸೊಪ್ಪು, ಹಿಕ್ಕೆಯ ಹಾಸಿಗೆಯ ತೇವ ಹೀರಲಿ ಎಂದು ಮೇಲೆ ಸುಣ್ಣದ ಪುಡಿ ಚೆಲ್ಲುತ್ತಾರೆ. ಮೂರನೇ ಜ್ವರದ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಚಳಿಗಾಲ. ಹುಳುವಿನ ಮೈಮೇಲೆ ಮೊಟ್ಟೆ ಇಡುವ ಊಜಿ ನೊಣದ ಹೆದರಿಕೆ ಬೇರೆ. ಕಿಟಕಿಗೆ ನೈಲಾನ್ ಬಲೆ ಇದ್ದರೂ ಅದರ ಮೇಲೆ ಟಾರ್ಪಾಲು ಬಿಗಿದಿದ್ದರು. ಹಸಿರು ದೀಪ ಹೊತ್ತುಕೊಂಡು ಒಳಗೆ ಹೋದ ಅಕ್ಕ ಒಂದು ಸಾಲಿನ ತಟ್ಟೆಗಳಿಗೆ ಸುಣ್ಣ ಚೆಲ್ಲಿ ಮುಗಿಸುವ ಮೊದಲೇ ದೀಪ ಕೆಂಪಾಯಿತು. ಅವರಿಗೆ ಕೆಮ್ಮು ಹತ್ತಿತು. ನಾನು ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ. ಪಟ್ಟಿಯ ಮೇಲೆಲ್ಲ ಬಿಳಿ ಪುಡಿ. ಅರ್ಧ ಗಂಟೆ ಕಾದರೂ ದೀಪ ಹಸಿರಾಗಲಿಲ್ಲ. ಪುಸ್ತಕ ತೆಗೆದು ಅವತ್ತಿನ ಓದಿನ ಮೇಲೆ ಗೀಟು ಎಳೆದೆ.

"ಯಾಕ ಒಡ್ದಾಕ್ದೆ?" ಎಂದರು ಅಕ್ಕ.

"ಸುಣ್ಣ ಬಿದ್ದಿದೆ ಅಕ್ಕ. ಇದು ಸುಳ್ಳು ಕೆಂಪು."

"ಸುಳ್ಳೆಂಗಾದದು? ನಂಗ ಕೆಮ್ಮು ಬಂದದ್ದೂ ಅವಾಗ್ಲೇ ಅಲ್ವ?"

"ಸುಣ್ಣದ ಧೂಳಿಗೆ ಯಾರಿಗಾದರೂ ಕೆಮ್ಮು ಬರುತ್ತೆ."

ಅವರಿಗೆ ನಿಜವಾಗಿ ಸಿಟ್ಟು ಬಂತು. ಮಾತಿನ ನಡುವೆ ನಿಂತು ನಿಂತು ಉಸಿರು ತೆಗೆದುಕೊಂಡರು. "ಧೂಳ್ ಕೆಮ್ಮು ಯಾವ್ದು, ಇದ್ಯಾವ್ದು ಅಂತ ನಂಗೊತ್ತಿಲ್ವ? ಧೂಳು ಗಂಟ್ಲು ಕೆರಿತದ. ಇದು ಮೊದ್ಲು ಕಣ್ಣುರಿಸ್ತದ, ಈರುಳ್ಳಿ ಕುಯ್ದಂಗೆ. ಆಮ್ಯಾಕ ಎದೆ ಇಡ್ಕತದ. ನೀನೂ ಒಳಕ್ಬಂದಿದ್ದಲ್ಲ, ನಿನ್ ಕಣ್ಣೇನು ಒಣಗಿತ್ತ?"

ನಾನು ಸಾಮಾನು ಕಟ್ಟಿಕೊಂಡು ಹೊರಟೆ. ಬಸ್ಸಿನಲ್ಲಿ ಕೂತ ಮೇಲೆ ದುಪಟ್ಟಾದ ತುದಿ ಒದ್ದೆಯಾಗಿರುವುದು ಕಣ್ಣಿಗೆ ಬಿತ್ತು. ನಾನೂ ಕಣ್ಣೊರೆಸಿಕೊಂಡಿದ್ದೆ.

ಮರುದಿನ ಮೇಡಂ ಪುಸ್ತಕ ತಿರುವಿ ನೋಡಿ, ಸುಣ್ಣ ಬಳಸದ ಬೇರೆ ಜಾಗಕ್ಕೆ ಹೋಗೋಣ, ಉಳಿದಿರುವುದು ನಾಲ್ಕೇ ಪಟ್ಟಿ, ಹಾಳು ಮಾಡಬೇಡ ಎಂದರು. ತಪ್ಪಲ್ಲದ ಮಾತು. ತಲೆ ಆಡಿಸಿ ಗಾಜಿನ ಸಾಮಾನು ತೊಳೆಯಲು ಹೋದೆ. ಅಲ್ಲಿ ಸಿಂಕಿನ ಪಕ್ಕ ಹಿಂದಿನ ವಾರ ನಾನೇ ಹುಡುಗರಿಗೆ ಅಮೋನಿಯ ತಯಾರಿಸಿ ತೋರಿಸಿದ ದಪ್ಪ ಪ್ರನಾಳ ಇತ್ತು. ಅದರೊಳಗೆ ಏನು ಹಾಕಿದ್ದೆ? ಅಮೋನಿಯಂ ಲವಣ, ಮತ್ತು ಸುಣ್ಣ.

ಕೈಯಲ್ಲಿದ್ದ ಬ್ರಷ್ಷು ಹಾಗೇ ನಿಂತಿತು. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ, ಮೂಗು ಹತ್ತಿರ ತರಬೇಡಿ ಎಂದು ಹುಡುಗರಿಗೆ ಗದರುತ್ತೇನೆ. ತೇವದ ಹಾಸಿಗೆ, ಅದರಲ್ಲಿ ದಿನಗಟ್ಟಲೆ ಕೂಡಿಟ್ಟ ಹಿಕ್ಕೆ, ಅದರ ಮೇಲೆ ಸುಣ್ಣ, ಕಿಟಕಿಗೆ ಟಾರ್ಪಾಲು. ಆ ಪ್ರನಾಳವನ್ನೇ ಒಂದು ಮನೆಯಷ್ಟು ದೊಡ್ಡದು ಮಾಡಿ ಒಳಗೆ ಅಕ್ಕನನ್ನು ನಿಲ್ಲಿಸಿದಂತಾಗಿತ್ತು. ನಾನು ಪಕ್ಕದಲ್ಲೇ ನಿಂತು ಸುಳ್ಳು ಕೆಂಪು ಎಂದು ಬರೆದಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಆದರೆ ನನಗೆ ಅನ್ನಿಸಿದ್ದು ಸಾಕ್ಷಿಯಾಗುವುದಿಲ್ಲ. ಸುಣ್ಣದ ಪುಡಿ ಪಟ್ಟಿಗೆ ಬಿದ್ದದ್ದೂ ನಿಜವೇ. ಪುಡಿಯನ್ನು ತಡೆದು ಗಾಳಿಯನ್ನು ಮಾತ್ರ ಒಳಗೆ ಬಿಡುವ ಏನಾದರೂ ಬೇಕಿತ್ತು, ಅದೂ ಚರ್ಮದ ಜೊತೆ ಹಿಗ್ಗಬೇಕು. ಅಂಥ ಪೊರೆಯನ್ನು ತರಿಸಲು ವಾರಗಳಾಗುತ್ತವೆ. ನಾಲ್ಕನೇ ಜ್ವರಕ್ಕೆ ನಾಲ್ಕೋ ಐದೋ ದಿನ ಇತ್ತು. ಅದು ತಪ್ಪಿದರೆ ಈ ಬೆಳೆಯಲ್ಲಿ ಮತ್ತೆ ಜ್ವರವಿಲ್ಲ, ಬೆಳೆ ಮುಗಿದರೆ ಸೊಪ್ಪಿನ ಗಿಡವೇ ಇರುವುದಿಲ್ಲ. ಯೋಚಿಸುತ್ತ ನಲ್ಲಿ ತಿರುಗಿಸಿದೆ. ನಲ್ಲಿಯ ತಿರುಪಿಗೆ ಸುತ್ತಿದ್ದ ಬಿಳಿ ಟೇಪು ಕಂಡಿತು. ಪ್ಲಂಬರುಗಳು ನೀರು ಸೋರದಂತೆ ಸುತ್ತುತ್ತಾರಲ್ಲ, ಅದೇ. ಎಳೆದರೆ ಹಿಗ್ಗುತ್ತದೆ. ಹಿಗ್ಗಿಸಿದರೆ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು, ನೀರು ದಾಟುವುದಿಲ್ಲ, ಗಾಳಿ ದಾಟುತ್ತದೆ.

ಹಾರ್ಡ್‌ವೇರ್ ಅಂಗಡಿಯಿಂದ ಒಂದು ಸುರುಳಿ ತಂದು ಪಟ್ಟಿಯ ಲೇಪದ ಮೇಲೆ ಒಂದೇ ಪದರ ಎಳೆದು ಅಂಟಿಸಿದೆ. ಸುಣ್ಣದ ಪುಡಿ ಉದುರಿಸಿದರೆ ಹಸಿರು ಹಸಿರಾಗೇ ಇತ್ತು. ಅಮೋನಿಯದ ಜಾಡಿಯಲ್ಲಿಟ್ಟರೆ ಸ್ವಲ್ಪ ತಡವಾಗಿ ಕೆಂಪಾಯಿತು, ಹೊರಗೆ ತೆಗೆದ ಮೇಲೆ ಮೆಲ್ಲಗೆ ಹಸಿರಿಗೆ ಮರಳಿತು. ಮೇಡಂಗೆ ತೋರಿಸಿ, ಉಳಿದ ನಾಲ್ಕರಲ್ಲಿ ಎರಡು ಕುದೇರಿಗೇ ಒಯ್ಯುತ್ತೇನೆ ಎಂದೆ. ಒಂದಕ್ಕೆ ಟೇಪು, ಇನ್ನೊಂದು ಬರಿಯದು. ಕೇಳುವ ದನಿಯಲ್ಲಿ ಹೇಳಲಿಲ್ಲ. ಮೇಡಂ ಕನ್ನಡಕ ಏರಿಸಿ, "ಹೋಗು. ಆದರೆ ಆ ಹೆಂಗಸನ್ನು ಮತ್ತೆ ಒಳಗೆ ಕಳಿಸಬೇಡ," ಎಂದರು.

ಹಾಗಾದರೆ ಸುಣ್ಣ ಚೆಲ್ಲುವವರು ಯಾರು? ನಾನು ಚೆಲ್ಲುತ್ತೇನೆ ಎಂದರೆ ಅಕ್ಕ ಕೇಳಲೇ ಇಲ್ಲ. "ನಿನ್ ಕೈಲಿ ಚೆಲ್ಲುಸುದ್ರ ಉಳ ಊತೋಯ್ತವ," ಎಂದರು. ಕೊನೆಗೆ ಯಜಮಾನರನ್ನು ಕರೆದರು. ಅವರಿಗೆ ಮಾಸ್ಕು ಕಟ್ಟಿಸಿದೆ, ಕಣ್ಣುರಿದ ಕೂಡಲೇ ಬಂದುಬಿಡಬೇಕು ಎಂದೆ. ಕೊರಳ ಕೆಳಗೆ ಎರಡೂ ಬದಿ ಪಟ್ಟಿ ಕೂರಲು ಎದೆಯ ಕೂದಲು ಬೋಳಿಸಬೇಕಾಯಿತು. ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು, ನಕ್ಕು ಕೆಮ್ಮಿದರು.

"ಇಪ್ಪತ್ತೊರ್ಸದಿಂದ ಸುಣ್ಣ ಚೆಲ್ತಾವ್ಳ. ಅದ್ಯಾನ ಮಾ ಕೆಲ್ಸ?" ಎಂದು ಗೊಣಗುತ್ತ ಯಜಮಾನರು ಒಳಗೆ ಹೋದರು. ಅಕ್ಕ ಬಾಗಿಲಾಚೆಯ ಗಾಳಿಯಲ್ಲಿ ನಿಂತು, ತೆಳ್ಳಗೆ ಚೆಲ್ಲಿ, ಮುಷ್ಟಿ ಬಿಗಿ ಇಡೀರಿ, ಮೂಲೆ ಬುಡಬ್ಯಾಡಿ ಎಂದು ಹೇಳುತ್ತಿದ್ದರು. ಟಾರ್ಪಾಲು ಎಂದಿನಂತೆ ಬಿಗಿದೇ ಇತ್ತು. ಮೊದಲ ಸಾಲಿನ ಕೊನೆಗೆ ಬರಿಯ ಪಟ್ಟಿ ಕೆಂಪಾಯಿತು. ಬಾಗಿಲಲ್ಲಿ ನಿಂತ ನನ್ನ ಕಣ್ಣು ಟೇಪಿನ ಪಟ್ಟಿಯ ಮೇಲೆಯೇ ಇತ್ತು. ಹಸಿರು. ಇನ್ನೂ ಹಸಿರು. ಆಮೇಲೆ ಅದೂ ಕೆಂಪಾಯಿತು.

ಯಜಮಾನರು ನಾನು ಕೂಗುವ ಮೊದಲೇ ಹೊರಗೆ ಬಂದರು. ಮಾಸ್ಕು ಕಿತ್ತು, ಎರಡೂ ಕಣ್ಣು ಒರೆಸಿಕೊಳ್ಳುತ್ತ ಹೊಂಗೆ ಮರದ ಕೆಳಗೆ ಕೂತರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನಾನು ದೀಪಗಳನ್ನೇ ನೋಡುತ್ತಿದ್ದೆ. ಬರಿಯ ಪಟ್ಟಿ ಕೆಂಪಾಗೇ ಉಳಿಯಿತು, ಅದು ಸುಣ್ಣ ತಿಂದಿತ್ತು. ಟೇಪಿನ ಪಟ್ಟಿ ಹತ್ತು ಹನ್ನೆರಡು ನಿಮಿಷಕ್ಕೆ ಮಿಣುಕಿ ಹಸಿರಾಯಿತು. ಸುಣ್ಣ ತಾಗಿದ್ದರೆ ಅದು ಹಸಿರಿಗೆ ಮರಳುತ್ತಲೇ ಇರಲಿಲ್ಲ. ಅದನ್ನು ಕೆಂಪು ಮಾಡಿದ್ದು ಒಳಗೆ ಎದ್ದ ಅಮೋನಿಯವೇ. ಅಕ್ಕ ಹೇಳಿದ್ದು ಅಕ್ಷರಶಃ ನಿಜ.

ಯಜಮಾನರು ಪಟ್ಟಿ ನೋಡಲಿಲ್ಲ. ಹೆಂಡತಿಯನ್ನು ನೋಡುತ್ತಿದ್ದರು. "ಇಷ್ಟೊರ್ಸ ಇದ್ನೇ ಕುಡಿತಿದ್ಯಾ?" ಎಂದರು.

"ಯೋಳ್ತಿದ್ನಲ್ಲ," ಎಂದರು ಅಕ್ಕ.

ಅವರು ಎದ್ದು ಹೋಗಿ ಟಾರ್ಪಾಲಿನ ಹಗ್ಗ ಬಿಚ್ಚಿದರು. ಬಲೆ ಹಾಗೇ ಇತ್ತು, ನೊಣಕ್ಕೆ ಅದೇ ಸಾಕು. ಎರಡು ಕಡೆಯ ಗಾಳಿ ಆಡಿ ಹಾಸಿಗೆಯ ಮೇಲ್ಮೈ ಒಣಗುವವರೆಗೆ ಕಾದೆವು. ಉಳಿದ ಸಾಲುಗಳಿಗೆ ತೆಳು ಬಟ್ಟೆಯ ಗಂಟಿನಿಂದ ಸುಣ್ಣ ಜಾಡಿಸಿ, ಒಳಗಿನ ತುದಿಯಿಂದ ಬಾಗಿಲ ಕಡೆಗೆ ಬರುತ್ತ ಅವರೇ ಮುಗಿಸಿದರು. ಟೇಪಿನ ಪಟ್ಟಿ ಕೊನೆಯ ಸಾಲಿನಲ್ಲಿ ಒಮ್ಮೆ ಮಿಣುಕಿತು, ಕೆಂಪಾಗಲಿಲ್ಲ. ಹಿಂದೆ ಗೀಟು ಎಳೆದಿದ್ದ ಓದಿನ ಪಕ್ಕ ಅಲ್ಲೇ ಕೂತು ಬರೆದೆ: ಇದು ಸರಿ ಇತ್ತು, ತಪ್ಪು ನನ್ನದು. ಅಕ್ಕನಿಗೆ ಓದಿಯೂ ಹೇಳಿದೆ. "ಓಗ್ಲಿ ಬುಡಮ್ಮಿ, ಕೈ ತೊಳ್ಕ, ಉಣ್ಣನ," ಎಂದರು.

ಇದರಿಂದ ಎಲ್ಲವೂ ಸರಿಹೋಯಿತು ಎಂದರೆ ಅತಿಯಾಗುತ್ತದೆ. ಟೇಪು ಬೆವರಿಗೆ ಅಂಚು ಬಿಡುತ್ತದೆ. ಲೇಪ ಕೆಲವೇ ದಿನಕ್ಕೆ ಮಂಕಾಗುತ್ತದೆ, ಪ್ರತಿ ಜ್ವರಕ್ಕೂ ಹೊಸ ಪಟ್ಟಿ ಬೇಕು. ಆ ಬೆಳೆಯ ಗೂಡು ಬಿಡಿಸಿದ ಮೇಲೆ ಅಕ್ಕ ಆ ಪುಸ್ತಕದ ಹಾಳೆಯನ್ನೇ ಡಾಕ್ಟರಿಗೆ ತೋರಿಸಿದರು. ಅವರು ಔಷಧಿ ನಿಲ್ಲಿಸಲಿಲ್ಲ. ಸುಣ್ಣದ ದಿನ ಒಳಗೆ ಹೋಗದಿದ್ದರೆ ಇನ್ನೊಂದು ಬೆಳೆ ನೋಡೋಣ, ಆಮೇಲೆ ಬನ್ನಿ ಎಂದರಂತೆ. ಯಜಮಾನರು ಸೊಪ್ಪಿನ ಗಿಡ ಕೀಳಲಿಲ್ಲ, ಬುಡದವರೆಗೆ ಕತ್ತರಿಸಿ ಗೊಬ್ಬರ ಹಾಕಿದರು. ಹೊಸ ಚಿಗುರು ಬಂದ ಮೇಲೆ ಮತ್ತೆ ಚಾಕಿ ಹುಳು ತಂದರು.

ಆ ಬೆಳೆಯ ಮೂರನೇ ಜ್ವರಕ್ಕೆ ಪಟ್ಟಿ ತಲುಪಿಸುತ್ತೇನೆಂದು ಮಾತು ಕೊಟ್ಟಿದ್ದೆ. ಬೆಳ್ಳಿ ಪೇಸ್ಟು ಬರುವುದು ತಡವಾಗಿ ಒಂದು ದಿನ ಹಿಂದೆ ಬಿದ್ದೆ. ಬೆಳಿಗ್ಗೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಪಟ್ಟಿಯ ಡಬ್ಬಿ ಹಿಡಿದು ನಿಂತಿರುವಾಗ ಫೋನ್ ಬಂತು.

"ಅಲ್ಲ ಕಣಮ್ಮಿ, ನೆನ್ನ ಬತ್ತೀನಿ ಅಂದವ್ಳು ಎಲ್ಲೋಗಿದ್ದೆ, ಉಳ ಎಲ್ಲಾ ಜ್ವರಕ್ ಕೂತವ, ಈವಯ್ಯ ಸುಣ್ಣದ್ ಗಂಟ್ ಇಡ್ಕಂಡು ಪಟ್ಟಿ ಇಲ್ದೆ ಒಳಕ್ ಓಗಲ್ಲ ಅಂತ ಜಗಲಿ ಮೇಲ್ ಕೂತವ್ನ, ನಾನ್ ಓಯ್ತೀನಿ ಅಂದ್ರ ಬುಡಲ್ಲ, ನಿನ್ಗ ಓದು ಬರ ಕಲ್ಸಿದವ್ರು ಯೋಳ್ದೊತ್ಗ ಬರದ್ ಕಲ್ಸ್ನಿಲ್ವ?"

ನಾನು ಕೆಮ್ಮಿಗಾಗಿ ಕಾಯುತ್ತಿದ್ದೆ. ಬರಲಿಲ್ಲ. ಅಷ್ಟನ್ನೂ ಒಂದೇ ಉಸಿರಿಗೆ ಬೈದಿದ್ದರು.

"ಯಾಕಮ್ಮಿ, ಮಾತಾಡಲ್ವ?"

"ಬಸ್ ಹತ್ತುತ್ತಾ ಇದ್ದೀನಿ ಅಕ್ಕ," ಎಂದೆ. "ಇನ್ನೊಂದು ಸಲ ಬೈಯಿರಿ."